ಇನ್ನೂ ಸ್ವಲ್ಪ ಕರ್ರಗ ಮಾಡ್ರಿ

ಇಳಕಲ್ಲಿನ ಬಜಾರದಲ್ಲಿ ನಮ್ಮದೊಂದು ಫೋಟೋ ಅಂಗಡಿ. ನಮ್ಮ ಮನೆಯವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮದುವೆ, ಬಸುರಿಯರ ಕುಬಸ, ಸಾಲಿ ಗ್ಯಾದರಿಂಗ್ ಎಂದು ಊರೂರು ತಿರುಗುತ್ತಾರೆ. ಅಂಗಡಿಯೊಳಗೆ ಕೂತು ಪ್ರಿಂಟ್ ತೆಗೆಯುವವಳು ನಾನು. ಫೋಟೋ ಚಲೋ ಬಂದರೆ ಮಂದಿ ಅವರನ್ನು ಹೊಗಳುತ್ತಾರೆ, ಕೆಟ್ಟರೆ ನನ್ನನ್ನು ಬೈಯುತ್ತಾರೆ. ಮದುವೆಯಾದ ಹೊಸತರಲ್ಲಿ ಇದಕ್ಕೆ ಸಿಟ್ಟು ಬರುತ್ತಿತ್ತು. ಈಗ ಬೈಗುಳಕ್ಕೂ ಪ್ರಿಂಟರಿನ ಗುಂಯ್‌ಗುಡುವಿಕೆಗೂ ಕಿವಿ ಒಂದೇ ರೀತಿ ಒಗ್ಗಿಬಿಟ್ಟಿದೆ.

ಮಂದಿಗೆ ಬಿಳಿ ಅಂದರೆ ಬಿಳಿ, ಕರಿ ಅಂದರೆ ಕರಿ. ನನ್ನ ಕಪಾಟಿನ ಮುಂದೆ ಬಂದು ನಿಂತರೆ ಮಾತ್ರ ಲೆಕ್ಕ ತಪ್ಪುತ್ತದೆ. ಅಲ್ಲಿ ಹಾಲಿನಂಥ ಬಿಳಿ ಕಾಗದ ಇದೆ, ಕೆನೆಯಂಥ ಬಿಳಿ ಇದೆ, ನೀಲ ಹಾಕಿ ಒಗೆದ ಅಂಗಿಯಂಥ ಬಿಳಿಯೂ ಇದೆ. ಒಂದರ ಪಕ್ಕ ಒಂದು ಇಡುವ ತನಕ ಎಲ್ಲವೂ ತಾನೇ ಬಿಳಿ ಎಂದು ಕೂತಿರುತ್ತವೆ. ಕರಿಯದೂ ಅದೇ ಹಣೆಬರಹ. ಹೊಳಪಿನ ಕಾಗದದ ಮೇಲೆ ಬಿದ್ದ ಮಸಿ ಬಾವಿಯಂತೆ ಆಳ ಕಾಣುತ್ತದೆ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಅದೇ ಮಸಿ ಒಲೆಯ ಬೂದಿಗೆ ದೂರದ ನೆಂಟನಂತೆ ಕಾಣುತ್ತದೆ. ಇದನ್ನು ಗಿರಾಕಿಗಳಿಗೆ ತಿಳಿಸಿ ಹೇಳಲು ಹೋದಾಗಲೆಲ್ಲ ಏನಾದರೊಂದು ಫಜೀತಿ ಆಗುತ್ತದೆ. ತಿಳಿಸದೆ ಸುಮ್ಮನಿದ್ದರೂ ಆಗುತ್ತದೆ. ಹೀಗಾಗಿ ನಮ್ಮ ಅಂಗಡಿಯಲ್ಲಿ ಫಜೀತಿಗೆ ರಜೆ ಇಲ್ಲ.

ಸೀರೆಗಿಂತ ಕರಿ

ನಮ್ಮ ಹಿಂದಿನ ಓಣಿಯಲ್ಲಿ ಕೈಮಗ್ಗ ಇಟ್ಟುಕೊಂಡಿರುವ ಹಿರಿಯ ನೇಕಾರರೊಬ್ಬರಿದ್ದಾರೆ. ಕೆಂಪು ಸೆರಗಿನ ಕರಿ ಸೀರೆ ನೇಯುವುದರಲ್ಲಿ ಅವರದು ಪಳಗಿದ ಕೈ. ಸೊಲ್ಲಾಪುರದಿಂದ ಹೊಸ ವ್ಯಾಪಾರಿಯೊಬ್ಬ ಬರುವವನಿದ್ದ. ಅವನಿಗೆ ತೋರಿಸಲು ಸೀರೆಗಳ ದೊಡ್ಡ ದೊಡ್ಡ ಫೋಟೋ ಬೇಕು ಎಂದು ಬಂದರು. ಅವನು ಒಪ್ಪಿದರೆ ವರ್ಷವಿಡೀ ಮಗ್ಗಕ್ಕೆ ಕೆಲಸ. ಒಪ್ಪದಿದ್ದರೆ ಮಗ್ಗ ಮಡಚಿ ಅಟ್ಟಕ್ಕೆ ಹಾಕುವ ಮಾತು ಮನೆಯಲ್ಲಿ ಆಗಲೇ ಶುರುವಾಗಿತ್ತು.

ಬಟ್ಟೆಯ ಫೋಟೋಕ್ಕೆ ಹೊಳಪು ಯಾಕೆಂದು ನಾನು ಮ್ಯಾಟ್ ಕಾಗದದ ಮೇಲೆ ತೆಗೆದುಕೊಟ್ಟೆ. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಅಕ್ಕಾರ, ಇದು ಯಾರ ಸೀರಿ?"

"ನಿಮ್ಮದ ಅಲ್ರಿ ಕಾಕಾ?"

"ನಂದಲ್ರಿ. ಇದನ್ನ ಯಾರೋ ನಾಕು ವರ್ಷ ಉಟ್ಟು, ಒಗದು, ಗಂಡನ ಮ್ಯಾಲ ಸಿಟ್ಟು ಮಾಡ್ಕೊಂಡು ತವರಿಗೆ ತಂದಾರ."

ಎರಡನೆಯದನ್ನು ಫಳಫಳ ಹೊಳೆಯುವ ಕಾಗದದ ಮೇಲೆ ತೆಗೆದೆ. ಕರಿಯೇನೋ ಕರಿಯೇ. ಆದರೆ ಬಾಗಿಲ ಬೆಳಕು ಬಿದ್ದೊಡನೆ ಮಡಿಕೆಗಳೆಲ್ಲ ಮಿಂಚತೊಡಗಿದವು. "ಈಗ ಸೀರಿ ಹೋಗಿ ರೇನ್‌ಕೋಟ್ ಆತು ನೋಡ್ರಿ" ಎಂದರು. ಮೂರನೆಯದಾಗಿ ರೇಷ್ಮೆಯಂಥ ಮೈಯ ಕಾಗದ ತೆಗೆದೆ. ಅತಿ ಹೊಳಪೂ ಇಲ್ಲ, ಅತಿ ಮಂಕೂ ಇಲ್ಲ. ಕರಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಬೆರಳಿಗೆ ಹತ್ತೀತೇನೋ ಎಂದು ಅವರು ಮುಟ್ಟಿ ನೋಡಿಕೊಂಡರು. ಆಮೇಲೆ ಮನೆಗೆ ಹೋಗಿ ಖುದ್ದು ಸೀರೆಯನ್ನೇ ತಂದರು. ಅಂಗಡಿಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಸೀರೆ ಹಾಸಿ ಪಕ್ಕದಲ್ಲಿ ಫೋಟೋ ಇಟ್ಟರು.

ಫೋಟೋದ ಕರಿಯ ಮುಂದೆ ಸೀರೆಯ ಕರಿ ತುಸು ಕಂದು ಕಂದಾಗಿ ಕಾಣುತ್ತಿತ್ತು. ಚಹಾದ ಅಂಗಡಿಯವನು ಇಣುಕಿ ನೋಡಿ, "ಫೋಟೋನ ಚಲೋ ಐತ್ರಿ" ಎಂದು ಉರಿಯುವ ಬೆಂಕಿಗೆ ಎಣ್ಣೆ ಸುರಿದು ಹೋದ. ಇನ್ನು ಕರಿ ಕಡಿಮೆ ಮಾಡು ಎನ್ನುತ್ತಾರೆ, ನಾಲ್ಕನೆಯ ಪ್ರಿಂಟ್ ತೆಗೆಯಬೇಕು ಎಂದು ನಾನು ಕಾಗದಕ್ಕೆ ಕೈ ಹಾಕಿದೆ. ಅವರು ಸೀರೆ ನೋಡಿದರು, ಫೋಟೋ ನೋಡಿದರು, ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಮರುದಿನ ಮುಂಜಾನೆ ಅಂಗಡಿ ತೆಗೆಯುವಷ್ಟರಲ್ಲಿ ನೂಲಿಗೆ ಬಣ್ಣ ಹಾಕುವ ಮಾಸ್ತರು ಬಾಗಿಲಲ್ಲಿ ನಿಂತಿದ್ದರು. ಮೊಣಕೈ ತನಕ ಕರಿ ಬಣ್ಣ, ಕೈಯಲ್ಲಿ ಅದೇ ಫೋಟೋ.

"ಅಕ್ಕಾರ, ನಿಮಗ ನಾ ಏನ್ ಮಾಡಿದ್ದೆ? ನೂಲು ಈ ಫೋಟೋದಷ್ಟ ಕರ್ರಗ ಆಗೂ ತನಾ ತಗೊಳಂಗಿಲ್ಲಂತ ಕಾಕಾ ನನ್ನ ಮನ್ಯಾಗ ಬಂದು ಕುಂತಾನ. ಅದ್ದಿ ಅದ್ದಿ ನನ್ನ ಕೈ ನೋಡ್ರಿ. ನೂಲಿಗಿಂತ ನಾ ಕರ್ರಗ ಆಗೇನಿ. ಈ ಬಣ್ಣ ನೀವು ಎಲ್ಲಿಂದ ತರಸ್ತೀರಿ, ಅದನ್ನರ ಹೇಳ್ರಿ."

ಪ್ರಿಂಟರಿನ ಮಸಿಯ ಪುಟ್ಟ ಡಬ್ಬಿಯನ್ನು ತೆಗೆದು ತೋರಿಸಿದೆ. ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿದರು, ಮೂಸಿದರು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಆಮೇಲೆ ಬಹಳ ನಿರಾಸೆಯಿಂದ ಕೇಳಿದರು: "ಇಷ್ಟರಾಗ ಒಂದು ಸೆರಗೂ ನೆನ್ಯಾಂಗಿಲ್ಲಲ್ರಿ. ಇದು ಬ್ಯಾರಲ್‌ನ್ಯಾಗ ಸಿಗಂಗಿಲ್ಲೇನು?"

ಕೊನೆಗೆ ಅವರ ನೂಲಿನ ಕರಿ ಹೇಗೋ ಫೋಟೋದ ಹತ್ತಿರ ಹತ್ತಿರ ಬಂತು. ಸೊಲ್ಲಾಪುರದವನು ಒಪ್ಪಿಕೊಂಡ. ಮಗ್ಗ ಅಟ್ಟ ಹತ್ತಲಿಲ್ಲ.

ಗಡ್ಡ ಎಲ್ಲಿ ಹೋತು?

ಗ್ರಾನೈಟ್ ಪಾಲಿಶ್ ಕೆಲಸ ಮಾಡಿಸುವ ಚಾಚಾ ಒಬ್ಬರು ಹಜ್ ಯಾತ್ರೆಯ ಅರ್ಜಿಗೆ ಫೋಟೋ ತೆಗೆಸಲು ಬಂದರು. ಬಿಳಿ ಟೊಪ್ಪಿಗೆ, ಬಿಳಿ ಜುಬ್ಬಾ, ಎದೆತನಕ ಇಳಿದ ಬಿಳಿ ಗಡ್ಡ. ಹಿಂದಿನ ಪರದೆಯೂ ಬಿಳಿಯೇ ಇರಬೇಕೆಂಬುದು ನಿಯಮ. ಅದರ ಮೇಲೆ ನಮ್ಮ ಅಂಗಡಿಗೆ ಅವತ್ತೇ ಹೊಸ ಕಾಗದ ಬಂದಿತ್ತು, ಕಣ್ಣು ಕುಕ್ಕುವಂಥ ಬಿಳಿ. ಹೊಸ ಕಾಗದದ ಸಂಭ್ರಮದಲ್ಲಿ ನಾನು ಮುಂದಾಲೋಚನೆ ಮಾಡದೆ ಪ್ರಿಂಟ್ ಕೊಟ್ಟೆ.

ಹೊರಬಂದದ್ದು ಮೂಗು, ಕನ್ನಡಕ, ಎರಡು ಹುಬ್ಬು, ಒಂದು ಬಾಯಿ. ಉಳಿದದ್ದೆಲ್ಲ ಕಾಗದದಲ್ಲಿ ಕರಗಿಹೋಗಿತ್ತು. ಚಾಚಾ ಒಂದು ಕೈಯಲ್ಲಿ ಫೋಟೋ ಹಿಡಿದು, ಇನ್ನೊಂದು ಕೈಯಿಂದ ಗಡ್ಡ ಮುಟ್ಟಿಕೊಂಡು ಖಾತ್ರಿ ಮಾಡಿಕೊಂಡರು.

"ಬೇಟಿ, ಗಡ್ಡ ಎಲ್ಲಿ ಹೋತು?"

"ಐತಿ ಚಾಚಾ. ಬಿಳಿ ಒಳಗ ಬಿಳಿ ಕೂಡಿ ಕಾಣವಲ್ದು, ಅಷ್ಟ."

"ಕಾಣಲಾರದ ಗಡ್ಡ ತಗೊಂಡು ನಾ ವಿಮಾನ ಹತ್ತಲೇನು? ಅಲ್ಲಿ ಕುಂತವ್ರು ಫೋಟೋ ನೋಡ್ತಾರ, ನನ್ನ ನೋಡ್ತಾರ. ಇಂವ ಬ್ಯಾರೆ ಮನಶ್ಯಾ ಅದಾನ ಅಂತ ತಿರುಗಿ ಕಳಸ್ತಾರ. ಇಷ್ಟು ವರ್ಷ ಕಾದೇನಿ ನಾ."

ಅವರ ದನಿಯಲ್ಲಿ ಖರೇನೇ ಅಂಜಿಕೆ ಇತ್ತು. ಪಕ್ಕದ ಅಂಗಡಿಯವರ ಕರಿ ಕೋಟು ತಂದು ತೊಡಿಸಿದೆವು. ನಮ್ಮ ಮನೆಯವರು ಲೈಟು ತಗ್ಗಿಸಿ ಮತ್ತೆ ಫೋಟೋ ಹೊಡೆದರು. ನಾನು ಹೊಸ ಕಾಗದ ಬದಿಗಿಟ್ಟು ಕೆನೆಬಣ್ಣದ ಹಳೆಯ ಕಾಗದಕ್ಕೆ ಶರಣಾದೆ. ಈ ಸಲ ಗಡ್ಡ ಎಳೆ ಎಳೆಯಾಗಿ ಮೂಡಿಬಂತು. ಚಾಚಾ ಹೋದ ಜೀವ ಬಂದವರಂತೆ, "ಅಲ್ಹಮ್ದುಲಿಲ್ಲಾಹ್! ಬಂತು, ನೋಡು" ಎಂದು ಫೋಟೋದ ಗಡ್ಡವನ್ನೇ ನೇವರಿಸಿದರು.

ಕೆಟ್ಟ ಫೋಟೋಗಳನ್ನು ನಾನು ಹರಿದುಹಾಕಬೇಕು, ಅಷ್ಟರಲ್ಲಿ ಸಂತೆ ಮುಗಿಸಿಕೊಂಡು ಚಾಚಿ ಒಳಗೆ ಬಂದರು. ನನ್ನ ಕೈಯಿಂದ ಅವನ್ನು ಇಸಿದುಕೊಂಡು ನೋಡಿದವರು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದರು.

"ಯಾಕ್ರಿ ಚಾಚಿ?"

"ನಿಖಾ ಆದಾಗ ಇವ್ರು ಥೇಟ್ ಹಿಂಗ ಇದ್ರವಾ. ಗಡ್ಡ ಬಿಟ್ಟ ಮ್ಯಾಲ ಈ ಗಲ್ಲ ನಾ ನೋಡೇ ಇಲ್ಲ." ಹೀಗೆಂದು ಅಷ್ಟೂ ಫೋಟೋಗಳನ್ನು ಚೀಲದೊಳಗೆ ಹಾಕಿಕೊಂಡರು.

ಚಾಚಾ ನಾಚಿ ಕೆಂಪಾದರು. "ಅದು ಖರಾಬ್ ಫೋಟೋ ಐತಿ. ಒಗಿ ಅತ್ಲಾಗ."

ಚಾಚಿ ಚೀಲದ ಜಿಪ್ ಎಳೆದರು. "ಖರಾಬ್ ಫೋಟೋ ನೀವು ಅರ್ಜಿಗೆ ಹಚ್ರಿ. ಚಲೋದು ನನ್ನ ಕಡೆ ಇರ್ಲಿ."

ನೇರಳೆ ಬ್ಯಾಟರಿ

ಹುಬ್ಬಳ್ಳಿಯಿಂದ ಕಾಗದದ ಕಂಪನಿಯೊಂದರ ಸೇಲ್ಸ್‌ಮನ್ ಬಂದಿದ್ದ. ಉರಿಬಿಸಿಲಿನಲ್ಲೂ ಟೈ. ತಮ್ಮ ಕಾಗದ ಎಷ್ಟು ಬಿಳಿ ಎಂದು ತೋರಿಸಲು ಅವನ ಹತ್ತಿರ ನೇರಳೆ ಬೆಳಕಿನ ಪುಟ್ಟ ಬ್ಯಾಟರಿ ಇತ್ತು. "ಶಟರ್ ಸ್ವಲ್ಪ ಇಳಿಸಿ ಮೇಡಂ" ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದ. ಮಟಮಟ ಮಧ್ಯಾಹ್ನ ಅಂಗಡಿ ಕತ್ತಲಾಯಿತು. ಬ್ಯಾಟರಿ ಹಚ್ಚಿದರೆ ಅವನ ಕಾಗದ ನೀಲಿಯಾಗಿ ಧಗಧಗ ಬೆಳಗಿತು. ನನ್ನ ಹಳೆಯ ಕಾಗದ ಮಾತ್ರ ಮಳೆಗಾಲದ ಸಂಜೆಯಂತೆ ಮಂಕಾಗಿ ಬಿದ್ದುಕೊಂಡಿತ್ತು. "ಬಿಳುಪು ಹೆಚ್ಚಿಸುವ ಮದ್ದು ಹಾಕಿರುತ್ತೇವೆ ಮೇಡಂ. ಬಟ್ಟೆ ಸೋಪಿನಲ್ಲೂ ಅದೇ ಇರುತ್ತದೆ" ಎಂದ.

ಅದೇ ಹೊತ್ತಿಗೆ ಶಟರಿನ ಕೆಳಗೆ ಬಗ್ಗಿ ನಮ್ಮ ಭಾಗದ ಮುಖಂಡರೊಬ್ಬರು ಒಳಗೆ ಬಂದರು, ಬೆನ್ನ ಹಿಂದೆ ಅವರ ಬೆಂಬಲಿಗ. ಇಬ್ಬರೂ ಖಾದಿ ಬಿಳಿ. ಮುಖಂಡರ ಹುಟ್ಟುಹಬ್ಬದ ಫೋಟೋಗಳನ್ನು ಒಯ್ಯಲು ಬಂದಿದ್ದರು. "ಏನಿದು, ಲೈಟ್ ಹೋಗ್ಯಾವೇನು?" ಎಂದರು. ಸೇಲ್ಸ್‌ಮನ್ ಗಾಬರಿಬಿದ್ದು ಬ್ಯಾಟರಿಯನ್ನು ಅವರತ್ತ ತಿರುಗಿಸಿಬಿಟ್ಟ.

ಬೆಂಬಲಿಗ ಟ್ಯೂಬ್‌ಲೈಟಿನಂತೆ ಝಗ್ಗನೆ ಹೊತ್ತಿಕೊಂಡ. ಕಾಲರು, ತೋಳು, ಜೇಬಿನ ಕರವಸ್ತ್ರದ ತನಕ ಬೆಳಕೋ ಬೆಳಕು. ಮುಖಂಡರು ಮಾತ್ರ ಕತ್ತಲಲ್ಲಿ ಕತ್ತಲಾಗಿ ನಿಂತಿದ್ದರು. ಅವರ ಹಲ್ಲು ಅಷ್ಟೇ ಕಾಣುತ್ತಿತ್ತು. ಅದೂ ಒಂದು ಕ್ಷಣ ಮಾತ್ರ, ಬಾಯಿ ಮುಚ್ಚಿಕೊಂಡರು.

"ನಿನ್ನ ಅಂಗಿ ಯಾರು ಒಗೀತಾರ?" ಎಂದು ಸಾವಕಾಶ ಕೇಳಿದರು.

"ನಮ್ಮಾಕಿ ಒಗೀತಾಳ ಸಾಹೇಬ್ರ" ಎಂದ ಬೆಂಬಲಿಗ, ಬೆಳಗುತ್ತಲೇ.

ಮುಖಂಡರು ಫೋಟೋ ತೆಗೆದುಕೊಂಡು ಹೋದರು. ಆ ವಾರ ಹುನಗುಂದದಲ್ಲಿ ಅವರದೊಂದು ಸಭೆ ಇತ್ತು. ನಮ್ಮ ಮನೆಯವರೇ ಫೋಟೋ ತೆಗೆದುಕೊಂಡು ಬಂದರು. ವೇದಿಕೆಯ ಮೇಲೆ ಮುಖಂಡರ ಪಕ್ಕದಲ್ಲಿ ಬೆಂಬಲಿಗ ಕೂತಿದ್ದ, ಅಚ್ಚ ಬೂದಿಬಣ್ಣದ ಅಂಗಿ ತೊಟ್ಟುಕೊಂಡು.

ವಾಟ್ಸಾಪಿನ ಬಿಳಿ

ಹುನಗುಂದದ ಅಕ್ಕ ಒಬ್ಬರು ಮಗಳ ಮದುವೆಯ ಆಲ್ಬಮ್ಮಿಗೆ ಕಾಗದ ಆರಿಸಬೇಕಿತ್ತು. "ಬರಾಕ ಪುರಸೊತ್ತಿಲ್ಲ, ಎರಡೂ ಬಿಳಿ ಕಾಗದದ ಫೋಟೋ ಹೊಡದು ವಾಟ್ಸಾಪ್ ಮಾಡ್ರಿ" ಎಂದರು. ಹಾಗೆ ಬಿಳಿ ತಿಳಿಯುವುದಿಲ್ಲ ಎಂದೆ. ಕೇಳಲಿಲ್ಲ. ಎರಡು ಕಾಗದ ಪಕ್ಕಪಕ್ಕ ಇಟ್ಟು ಕಳಿಸಿದೆ.

"ಎಡಗಡೆದು ಹಳದಿ ಐತ್ರಿ. ಬಲಗಡೆದು ಇರ್ಲಿ" ಎಂದು ಫೋನ್ ಬಂತು. ತಾಸು ಬಿಟ್ಟು ಮತ್ತೆ ಫೋನ್. "ನಮ್ಮ ಮನ್ಯಾರಿಗೆ ಕಳಿಸಿದ್ದೆ. ಅವ್ರ ಫೋನಿನ್ಯಾಗ ಎರಡೂ ಹಳದಿ ಅದಾವಂತ. ನನಗ ಕಣ್ಣ ಕಾಣಂಗಿಲ್ಲಂತಾರ."

ಹಿಂದಿನಿಂದ ಗಂಡಸಿನ ದನಿ ಕೇಳಿಸಿತು: "ಕಾಣಂಗಿಲ್ಲ ಅಂದಿಲ್ಲ, ತಿಳ್ಯಾಂಗಿಲ್ಲ ಅಂದೇನಿ!"

ಜಗಳ ಬಲಿಯುವಂತಿತ್ತು. ಕಣ್ಣಿಗೆ ತಂಪಿರಲೆಂದು ಯಜಮಾನರ ಫೋನಿನಲ್ಲಿ ಹಳದಿ ಬೆಳಕು ಇಟ್ಟಿರಬಹುದು, ಅದನ್ನು ತೆಗೆದು ನೋಡಿ ಎಂದೆ. ಅತ್ತಕಡೆ ಫೋನು ಕಸಿದುಕೊಂಡ ಸದ್ದು. ಆಮೇಲೆ ಅಕ್ಕನ ದನಿ ಮೆತ್ತಗೆ ಬಂತು: "ಹೌದ್ರಿ, ತೆಗದ ಮ್ಯಾಲ ಬೆಳ್ಳಗ ಆತು. ಅಂದ್ರ ಈ ಮನಶ್ಯಾ ವರ್ಷಗಟ್ಟಲೆ ನನ್ನ ಫೋಟೋ ಎಲ್ಲಾ ಹಳದಿ ಮುಖದಾಗ ನೋಡ್ಯಾನ. ಕಾಗದ ಇರ್ಲಿ ಬಿಡ್ರಿ, ಮೊದಲ ಇವ್ರನ್ನ ವಿಚಾರಸ್ತೇನಿ."

ಗವಿಯ ಕತ್ತಲು

ಬಾಗಲಕೋಟೆಯ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಸರ್ ಒಬ್ಬರಿಗೆ ಬಾದಾಮಿಯ ಗವಿಗಳ ಹುಚ್ಚು. ಕ್ಯಾಮೆರಾ ಹಿಡಿದು ಆ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡವರು. ಅವರ ಮೊದಲ ಫೋಟೋ ಪ್ರದರ್ಶನ ಬಾಗಲಕೋಟೆಯ ನವನಗರದ ಒಂದು ಸಭಾಂಗಣದಲ್ಲಿ ನಡೆಯುವುದಿತ್ತು. ಹೆಂಡತಿಯಿಂದ ಹಿಡಿದು ಹಳೆಯ ಸಹೋದ್ಯೋಗಿಗಳ ತನಕ ಎಲ್ಲರೂ ಇದನ್ನು ಮುದುಕನ ಹವ್ಯಾಸ ಎಂದು ನಗುತ್ತಿದ್ದರಂತೆ. ಹೀಗಾಗಿ ಸರ್‌ಗೆ ಇದು ಮಾನದ ಪ್ರಶ್ನೆ.

ಅವರ ಮುಖ್ಯ ಚಿತ್ರದಲ್ಲಿ ಒಂದು ಕೆಂಪು ಕಂಬದ ಅಂಚಿಗೆ ಬೆಳಕಿನ ಗೆರೆ, ಉಳಿದದ್ದೆಲ್ಲ ಕತ್ತಲು.

"ನೋಡ್ರಿ, ಆ ಕತ್ತಲದಾಗ ಇಳದು ಹೋಗೋ ಹಂಗ ಅನಸಬೇಕು. ನೋಡಿದ ಮನುಷ್ಯಾ ಅಂಜಿ ಒಂದು ಹೆಜ್ಜಿ ಹಿಂದ ಸರೀಬೇಕು" ಎಂದರು.

ಮ್ಯಾಟ್ ಕಾಗದದ ಪ್ರಿಂಟ್ ನೋಡಿ, "ಇದು ಗವಿ ಅಲ್ಲ, ಅಡಗಿಮನಿ ಹೊಗಿ" ಎಂದರು. ರೇಷ್ಮೆ ಮೈಯ ಕಾಗದ ನೋಡಿ, "ಇನ್ನೂ ಸ್ವಲ್ಪ ಕರ್ರಗ ಮಾಡ್ರಿ" ಎಂದರು. ಬಾಗಲಕೋಟೆಯಿಂದ ಬಸ್ಸು ಹಿಡಿದು ಮತ್ತೆ ಮತ್ತೆ ಬಂದರು. ಕೊನೆಗೆ ದಪ್ಪನೆಯ ಕಾಗದ, ಕನ್ನಡಿಯಂಥ ಹೊಳಪು, ಪ್ರಿಂಟರಿನ ಹೊಟ್ಟೆಯಲ್ಲಿದ್ದ ಅಷ್ಟೂ ಕರಿ. ಮೇಜಿನ ಮೇಲೆ ಹರಡಿದಾಗ ಮೇಜಿಗೆ ತೂತು ಬಿದ್ದಂತೆ ಕಂಡಿತು. ಸರ್ ಕಣ್ಣು ತುಂಬಿಕೊಂಡು ಕೈಮುಗಿದರು. ಇಷ್ಟು ಸಾಲದೆಂದು ಮೇಲೆ ಗಾಜಿನ ಚೌಕಟ್ಟನ್ನೂ ಹಾಕಿಸಿದರು.

ಪ್ರದರ್ಶನದ ದಿನ ನಾವಿಬ್ಬರೂ ಹೋದೆವು. ಉಳಿದ ಚಿತ್ರಗಳ ಮುಂದೆ ಒಬ್ಬರು, ಇಬ್ಬರು. ಆ ಕತ್ತಲಿನ ಚಿತ್ರದ ಮುಂದೆ ಮಾತ್ರ ಸಾಲು! ಸರ್ ನನ್ನ ಬಳಿಗೆ ಓಡಿ ಬಂದರು. "ನೋಡ್ರಿ ಅಕ್ಕಾರ, ಮಂದಿಗೆ ಕತ್ತಲ ಅಂದ್ರೇನಂತ ತಿಳೀತದ. ಯಾರೂ ಅಲ್ಲಿಂದ ಕದಲವಲ್ರು!"

ಕುತೂಹಲದಿಂದ ನಾನೂ ಹತ್ತಿರ ಹೋದೆ. ಕಾಲೇಜು ಹುಡುಗಿಯೊಬ್ಬಳು ಆ ಕತ್ತಲಿನಲ್ಲಿ ಹಣೆಯ ಟಿಕಳಿ ಸರಿಮಾಡಿಕೊಳ್ಳುತ್ತಿದ್ದಳು. ಅವಳ ಹಿಂದಿದ್ದವನು ಕ್ರಾಪು ತೀಡಿದ. ಉದ್ಘಾಟನೆಗೆ ಬಂದ ಅತಿಥಿಗಳು ಹಲ್ಲಿನ ಸಂದಿಯ ಅವಲಕ್ಕಿ ತೆಗೆದುಕೊಂಡರು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಾತ್ರ ಸರ್ ಬಯಸಿದ ಹಾಗೆಯೇ ಒಂದು ಹೆಜ್ಜೆ ಹಿಂದೆ ಸರಿದರು, ಸೀರೆಯ ನಿರಿಗೆ ಪೂರ್ತಿ ಕಾಣಲೆಂದು.

ಸರ್ ಕೂಡ ಬಂದು ನೋಡಿದರು. ಅವರು ಬಹಳ ಹೊತ್ತು ಆ ಗವಿಯನ್ನು ದಿಟ್ಟಿಸಿದರು. ಆಮೇಲೆ ಕಿಸೆಯಿಂದ ಬಾಚಣಿಗೆ ತೆಗೆದು, ಉಳಿದಿದ್ದ ನಾಲ್ಕು ಕೂದಲನ್ನು ಗಂಭೀರವಾಗಿ ಬಾಚಿಕೊಂಡು ಹೇಳಿದರು: "ಖರೇನ ಚಲೋ ಬಂದೈತ್ರಿ ಕರಿ."

ಮಾಲೆ ಹಾಕುವ ಫೋಟೋ

ಗುಡೂರಿನಿಂದ ಅಜ್ಜ ಒಬ್ಬರು ಬಂದರು. ತಲೆಗೆ ಪಟಗ, ಧೋತರ, ಮುಖದ ಮೇಲೆ ಕರ್ರಗೆ ಬಣ್ಣ ಹಚ್ಚಿ ತಿರುವಿದ ಗಿರಿಜಾ ಮೀಸೆ.

"ತಂಗಿ, ಮಾಲಿ ಹಾಕೂ ಫೋಟೋ ಮಾಡಬೇಕವಾ."

ನಾನು ದನಿ ತಗ್ಗಿಸಿ, "ಯಾರು ಹೋದರ್ರಿ ಅಜ್ಜಾರ?" ಎಂದೆ.

"ಯಾರೂ ಹೋಗಿಲ್ಲ. ನಂದ ಮಾಡಬೇಕು."

ಅವರ ವಿವರಣೆ ಹೀಗಿತ್ತು: "ನನ್ನ ಮಕ್ಕಳು ಚಲೋ ಹುಡುಗ್ರು. ಆದ್ರ ಈ ಕೆಲಸಕ್ಕ ಅವ್ರನ್ನ ನಂಬಂಗಿಲ್ಲ. ನಮ್ಮಣ್ಣ ಹೋದಾಗ ಅವನ ಮಕ್ಕಳು ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಗ್ವಾಡಿಗೆ ಹಾಕ್ಯಾರ. ಪೊಲೀಸ್ರು ಹುಡುಕಾಕತ್ತಿದ ಮನಶ್ಯಾನಂಗ ಕಾಣಸ್ತಾನ ಪಾಪ."

ನಮ್ಮ ಮನೆಯವರು ಚೆಂದದ ಫೋಟೋ ತೆಗೆದರು. ಆದರೆ ಅಜ್ಜನ ದೃಷ್ಟಿಯಲ್ಲಿ ಮುಖ ಅನ್ನುವುದು ಮೀಸೆ ನಿಲ್ಲಿಸಲು ಇರುವ ಜಾಗ, ಅಷ್ಟೇ. ಮೂರು ಬಗೆಯ ಕಾಗದದ ಮೇಲೆ ತೆಗೆದುಕೊಟ್ಟೆ. ಮೂರನ್ನೂ ತಿರುಗಿಸಿ ಮುರುಗಿಸಿ ನೋಡಿದರು. "ಇಲ್ಲಿ ನಿಮ್ಮ ಟೂಬಿನ ಬೆಳಕು ಐತಿ. ನಾ ತೂಗಾಡೋದು ನಮ್ಮ ಪಡಸಾಲ್ಯಾಗ. ಅಲ್ಲಿ ಹಾಕಿ ನೋಡೂನು" ಎಂದು ಮೂರಕ್ಕೂ ಚೌಕಟ್ಟು ಹಾಕಿಸಿಕೊಂಡು ಒಯ್ದರು. ಬೇಡವಾದ ಎರಡನ್ನು ನಾವು ಅಮಾವಾಸ್ಯೆಯ ದಿನ ಹೋಗಿ ವಾಪಸ್ ತರುವುದೆಂದು ಮಾತಾಯಿತು.

ಅಮಾವಾಸ್ಯೆಯ ದಿನ ನಾವಿಬ್ಬರೂ ಗಾಡಿಯ ಮೇಲೆ ಗುಡೂರಿಗೆ ಹೋದರೆ ಅಜ್ಜನ ಮನೆಯ ಮುಂದೆ ಜನವೋ ಜನ. ಒಳಗಿನಿಂದ ಅಳುವ ಸದ್ದು. ಪಡಸಾಲೆಯ ಗೋಡೆಯ ಮೇಲೆ ಮೂರೂ ಫೋಟೋ ತೂಗುಬಿದ್ದಿವೆ, ಮೂರಕ್ಕೂ ಚೆಂಡುಹೂವಿನ ಮಾಲೆ, ಮುಂದೆ ಉದಿನಕಡ್ಡಿಯ ಹೊಗೆ. ಅಯ್ಯೋ, ಅಜ್ಜ ಹೋಗಿಬಿಟ್ಟರೇ, ಯಾವ ಕಾಗದ ಎಂದೂ ಹೇಳದೆ!

ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ: "ಯಾವಾಗ ಆತ್ರಿ?"

"ಗೊತ್ತಿಲ್ಲವಾ. ಮಜ್ಜಿಗಿ ಕೇಳಾಕ ಬಂದಿದ್ದೆ, ಮಾಲಿ ಹಾಕಿದ್ದು ನೋಡಿ ಎದಿ ಒಡೀತು. ಮನಿ ಮಂದಿ ಎಲ್ಲಾ ಬನಶಂಕರಿ ಗುಡಿಗೆ ಹೋಗ್ಯಾರ. ಹೆಣ ಬಾಗಲಕೋಟಿ ದವಾಖಾನಿಯಿಂದ ಬರಾಕತ್ತೈತಂತ."

ಹಾಗೆಂದು ಯಾರು ಹೇಳಿದರೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಎಲ್ಲರಿಗೂ ಖಾತ್ರಿಯಿತ್ತು.

ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವರು ಒಬ್ಬ ಮುದುಕರು. ಅಜ್ಜನ ಹೊಲದ ಪಕ್ಕದ ಹೊಲದವರು. ಬದುವಿನ ಮೇಲಿನ ಬೇವಿನ ಗಿಡ ಯಾರದು ಎಂಬ ತಕರಾರಿಗೆ ಇಬ್ಬರೂ ವರ್ಷಗಳಿಂದ ಮಾತು ಬಿಟ್ಟಿದ್ದರಂತೆ. ಅವರು ಈಗ ಎದೆ ಬಡಿದುಕೊಂಡು ಫೋಟೋಗಳ ಮುಂದೆ ಕುಸಿದಿದ್ದರು.

"ಎದ್ದು ಬಾರಲೇ! ಒಮ್ಮೆ ಬಾ! ಆ ಗಿಡ ನಿಂದ ಐತಲೇ, ನಾ ಸುಳ್ಳ ಹೇಳಿದ್ದೆ, ಗಿಡ ನಿಂದ!"

ಹಿತ್ತಲಿನಲ್ಲಿ ಇಷ್ಟು ಹೊತ್ತು ಗುಡುಗುತ್ತಿದ್ದ ನೀರಿನ ಮೋಟರು ಅದೇ ಗಳಿಗೆಗೆ ನಿಂತಿತು. ಒಳಬಾಗಿಲು ತೆರೆದು, ಸೊಂಟಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು, ಮೈಯಿಂದ ನೀರು ಸುರಿಸುತ್ತ ಅಜ್ಜ ಹೊರಬಂದರು.

"ಏನಂದಿ? ಇನ್ನೊಮ್ಮಿ ಅನ್ನು. ಎಲ್ಲಾರೂ ಕೇಳ್ರಿಲೇ, ಏನಂದ ಇಂವ!"

ಮಜ್ಜಿಗೆಯ ಹೆಂಗಸು ಕಿಟಾರನೆ ಕಿರುಚಿದಳು. ಬಾಗಿಲ ಬಳಿ ಇದ್ದವರು ಅಂಗಳಕ್ಕೆ ಜಿಗಿದರು. ನಮ್ಮ ಮನೆಯವರು ನನ್ನ ಹಿಂದೆ ಅಡಗಿದರು. ಅಲ್ಲಾಡದೆ ಕೂತಿದ್ದವರು ಆ ಮುದುಕರೊಬ್ಬರೇ. ಫೋಟೋ ನೋಡಿದರು, ಅಜ್ಜನನ್ನು ನೋಡಿದರು. ಕಣ್ಣು ಒರೆಸಿಕೊಂಡರು. ಮುಖದ ಮೇಲೆ ಒಂದು ಗಳಿಗೆ ಸಂತೋಷ ಉಕ್ಕಿಬಂದದ್ದನ್ನು ನಾನೇ ನೋಡಿದೆ. ಮರುಗಳಿಗೆಗೆ ಅವರಿಗೆ ಗಿಡದ ನೆನಪಾಯಿತು.

"ನಾ ಸತ್ತವಗ ಅಂದಿದ್ದು. ನಿನಗಲ್ಲ."

"ಸತ್ತವ ನಾನ ಅಲ್ಲೇನಲೇ?"

"ಹಂಗಾದ್ರ ಸಾಯಿ. ಗಿಡ ತಗೊ."

ಅಜ್ಜ ಮೊದಲು ಗುರ್ ಎಂದರು, ಆಮೇಲೆ ಹೊಟ್ಟೆ ಕುಣಿಸುತ್ತ ನಗತೊಡಗಿದರು. ಟವೆಲ್ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಅವರನ್ನು ಎಬ್ಬಿಸಿದರು. ಮಾಲೆ ಯಾಕೆ ಹಾಕಿದಿರಿ ಎಂದು ನಾನು ಕೇಳಿದ್ದಕ್ಕೆ, "ಹಾಕದ ಹೆಂಗ ತಿಳೀತದ ತಂಗಿ? ಮಾಲಿ ನೆರಳು ಮೀಸಿ ಮ್ಯಾಲ ಬೀಳ್ತದೋ ಇಲ್ಲೋ, ಉದಿನಕಡ್ಡಿ ಹೊಗ್ಯಾಗ ಕರಿ ನಿಲ್ತದೋ ಇಲ್ಲೋ ನೋಡಬೇಕಲ್ಲ" ಎಂದರು. ನೆರೆದವರ ಕಡೆ ತಿರುಗಿ, "ಹೆಂಗಿದ್ರೂ ಅಳಾಕ ಬಂದೀರಿ. ಮೂರರಾಗ ಯಾವುದು ಚಲೋ ಅನ್ನೋದರ ಹೇಳಿ ಹೋಗ್ರಿ" ಎಂದರು.

ಅತ್ತವರೆಲ್ಲ ಮೂಗು ಒರೆಸಿಕೊಂಡು ಫೋಟೋಗಳ ಮುಂದೆ ಸಾಲುಗಟ್ಟಿದರು. ಒಬ್ಬರು ಹೊಳಪಿನದು ಎಂದರು, ಒಬ್ಬರು ಮ್ಯಾಟಿನದು. ಮುದುಕರು ಮಾತ್ರ ಮೂರನ್ನೂ ಬಹಳ ಹೊತ್ತು ನೋಡಿ, ಮ್ಯಾಟಿನ ಕಡೆ ಬೆರಳು ಮಾಡಿದರು. "ಇದು ಬ್ಯಾಡ. ಇದರಾಗ ಖರೇನ ಸತ್ತಂಗ ಕಾಣಸ್ತಾನ." ಹೇಳಿ ಆ ಫೋಟೋದ ಮಾಲೆಯನ್ನು ತಾವೇ ಬಿಚ್ಚಿದರು. ಹೊಳಪಿನದೇ ಗಟ್ಟಿಯಾಯಿತು.

ಮುಂದಿನ ಸಂತೆಯ ದಿನ ಇಬ್ಬರೂ ಮುದುಕರು ಒಂದೇ ಬೈಕಿನ ಮೇಲೆ ಕೂತು ನಮ್ಮ ಅಂಗಡಿಗೆ ಬಂದರು. ಈ ಸಲ ಬೇವಿನ ಗಿಡದವರದೇ ಆರ್ಡರು.

"ತಂಗಿ, ನಂದೂ ಒಂದು ಇವನಂಗ ಮಾಡಿಬಿಡವಾ. ಆದ್ರ ನನ್ನ ಮೀಸಿ ಇವನ ಮೀಸಿಕಿಂತ ಕರ್ರಗ ಬರಬೇಕು."

ನಾನು ಸಾವಧಾನವಾಗಿ ತಿಳಿಸಿದೆ. ಅಜ್ಜನ ಫೋಟೋಕ್ಕೆ ಹಾಕಿದ್ದೇ ನನ್ನ ಪ್ರಿಂಟರಿನಲ್ಲಿರುವ ಕಟ್ಟಕಡೆಯ ಕರಿ. ಅದಕ್ಕಿಂತ ಹೆಚ್ಚು ಮಸಿ ಸುರಿದರೆ ಕಾಗದ ಹಿಡಿಯುವುದಿಲ್ಲ. ಅದಕ್ಕಿಂತ ಕರಿ ಈ ಲೋಕದಲ್ಲಿ ನನ್ನ ಕೈಯಿಂದ ಆಗುವುದಿಲ್ಲ.

ಅವರು ಗದ್ದಕ್ಕೆ ಕೈಹಚ್ಚಿ ವಿಚಾರ ಮಾಡಿದರು. ಅಜ್ಜ ಗೆದ್ದವರಂತೆ ಮೀಸೆ ತಿರುವುತ್ತ ಪಕ್ಕದಲ್ಲೇ ನಿಂತಿದ್ದರು.

"ಹಂಗಾದ್ರ," ಎಂದು ಮುದುಕರು ನನ್ನ ಕಡೆ ಬಗ್ಗಿ, ಇಡೀ ಬಜಾರಕ್ಕೆ ಕೇಳುವಂತೆ ಗುಟ್ಟು ಹೇಳಿದರು, "ಇವಂದು ಸ್ವಲ್ಪ ಬೆಳ್ಳಗ ಮಾಡಿಬಿಡು."